ಒಬ್ಬ ರಾಜ್ಯಶಾಸ್ತ್ರಜ್ಞರ ಎಣಿಕೆ

ರಾಜ್ಯಶಾಸ್ತ್ರವೆಂಬುದು ರಾಜಕಾರಣಿಗಳಾಗತಕ್ಕವರು ಓದುವ ಶಾಸ್ತ್ರವೆಂಬ ಭಾವನೆ ನಮ್ಮ ಸೀಮೆಯಲ್ಲಿ ಬಲವಾಗಿದೆ. ಬಿ.ಎ. ತರಗತಿಗೆ ಈ ವಿಷಯವನ್ನು ಆರಿಸಿಕೊಂಡೆನೆಂದು ಊರಿನಲ್ಲಿ ತಿಳಿಸಿದಾಗ ನಮ್ಮ ತಂದೆಯವರು, "ಅದನ್ನ ಓದಿ ಏನ್ ಮಾಡ್ತಿ, ಎಲೆಕ್ಷನ್ನಿಗೆ ನಿಂದರ್ತಿ ಏನು?" ಎಂದು ಕೇಳಿದರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲನ್ನು ಹತ್ತಿದವನು ನಾನೇ ಮೊದಲಿಗನು. ಉತ್ತರವನ್ನು ಹೇಳಿಕೊಡುವವರೂ ಇರಲಿಲ್ಲ. ಆ ಪ್ರಶ್ನೆಗೆ ಉತ್ತರದಂತೆ ನನಗೆ ತೋರಿದ್ದು ಪ್ರೊ. ಮುಜಫ್ಫರ್ ಅಸ್ಸಾದಿಯವರ ಕಾರ್ಯ.

ಅಸ್ಸಾದಿಯವರು ಉಡುಪಿ ಜಿಲ್ಲೆಯ ಶಿರ್ವದವರು. ಮೈಸೂರು ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಕಡಲ ಕಡೆಯವರಾದ ಇವರಿಗೂ ನಮಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಯಾದಗಿರಿ, ಶಹಾಪುರ, ಸುರಪುರದ ಪದವಿ ಕಾಲೇಜುಗಳು ಹಿಂದೆ ಗುಲಬರ್ಗಾ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ರಾಯಚೂರು, ಯಾದಗಿರಿ ಜಿಲ್ಲೆಗಳೆರಡಕ್ಕೂ ಬೇರೊಂದು ವಿಶ್ವವಿದ್ಯಾಲಯವನ್ನು ರಾಯಚೂರಿನಲ್ಲಿ ಕಟ್ಟತೊಡಗಿದಾಗ ಅದರ ವಿಶೇಷಾಧಿಕಾರಿಗಳಾಗಿ ಬಂದವರು ಇವರೇ. 2021ರಲ್ಲಿ ಮೊದಲ ಕುಲಪತಿಗಳಾದ ಪ್ರೊ. ಹರೀಶ ರಾಮಸ್ವಾಮಿಯವರೂ ರಾಜ್ಯಶಾಸ್ತ್ರದವರು. ಇತಿಹಾಸ ವಿಭಾಗದ ಮಿತ್ರರು ಇದನ್ನು ಸ್ವಲ್ಪ ಸಹಿಸಿಕೊಳ್ಳಬೇಕು.

ಅವರ ಇಂಗ್ಲಿಷ್ ಗ್ರಂಥವೊಂದು 1980ರಿಂದ 1994ರವರೆಗಿನ ಕರ್ನಾಟಕದ ರೈತ ಚಳುವಳಿಯನ್ನು ಕುರಿತದ್ದು, 1997ರಲ್ಲಿ ಹೊರಬಂದಿತು. 1980ರಲ್ಲಿ ನರಗುಂದ, ನವಲಗುಂದದ ರೈತರು ಮಲಪ್ರಭಾ ನೀರಾವರಿಯ ಅಭಿವೃದ್ಧಿ ಕರದ ವಿರುದ್ಧ ಎದ್ದು ನಿಂತ ಸಂಗತಿ ನಮಗೆ ದೂರದ್ದಲ್ಲ. ನಾರಾಯಣಪುರದ ಎಡದಂಡೆಯ ಕಾಲುವೆ ಬಂದ ಮೇಲೆ ಶಹಾಪುರ, ಸುರಪುರದ ಎಷ್ಟೋ ಜೋಳದ ಹೊಲಗಳು ಭತ್ತದ ಗದ್ದೆಗಳಾಗಿವೆ. ನೀರು ಎಲ್ಲಿಯವರೆಗೆ ಹರಿಯಬೇಕು, ಅದಕ್ಕೆ ಎಷ್ಟು ಕೊಡಬೇಕು, ಇದನ್ನು ತೀರ್ಮಾನಿಸುವವರು ಯಾರು ಎಂಬುದು ನಮ್ಮ ಹೊಲದ ಬದುವಿನ ಮೇಲಿನ ರಾಜ್ಯಶಾಸ್ತ್ರ.

ಆದರೆ ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆದದ್ದು ಅವರ ಇನ್ನೊಂದು ಕಾರ್ಯ. ನಾಗರಹೊಳೆ ಮೊದಲಾದ ಅಭಯಾರಣ್ಯಗಳಿಂದ ಹೊರಹಾಕಲ್ಪಟ್ಟ ಆದಿವಾಸಿಗಳ ಸ್ಥಿತಿಗತಿಗಳನ್ನು ವಿಚಾರಿಸಲು ಕರ್ನಾಟಕ ಉಚ್ಚ ನ್ಯಾಯಾಲಯವು ನೇಮಿಸಿದ ಸಮಿತಿಗೆ ಅವರು ಅಧ್ಯಕ್ಷರಾಗಿದ್ದರು. ಕಾಡನ್ನು ಬಿಟ್ಟು ಬಂದವರು ಕಾಫಿ ತೋಟಗಳ ಕೂಲಿಲೈನುಗಳಲ್ಲಿ, ಕಾಡಂಚಿನ ಹಾಡಿಗಳಲ್ಲಿ ಹಂಚಿಹೋಗಿದ್ದರು. ಜಮೀನಿನ ಪತ್ರವಿಲ್ಲದವನು ತಾನು ಜಮೀನು ಕಳೆದುಕೊಂಡೆನೆಂದು ಸಿದ್ಧಮಾಡುವುದಾದರೂ ಹೇಗೆ? 2014ರಲ್ಲಿ ಸಲ್ಲಿಸಿದ ವರದಿಯು 3,418 ಕುಟುಂಬಗಳಿಗೆ ಪುನರ್ವಸತಿ ಆಗಬೇಕೆಂದು ಹೇಳಿತು. ಅದನ್ನು ಜಾರಿಗೆ ತರಬೇಕೆಂದು ಆದಿವಾಸಿಗಳು ತರುವಾಯವೂ ಹೋರಾಡಬೇಕಾಯಿತು, ನಿಜ. ಆದರೂ ಅದುವರೆಗೆ "ಕೆಲವರು" ಎನಿಸಿಕೊಂಡಿದ್ದವರು ಆ ದಿನದಿಂದ ಒಂದು ಸಂಖ್ಯೆಯಾದರು. ಸಂಖ್ಯೆಯಿದ್ದಲ್ಲಿ ಸರಕಾರವು ಏನಾದರೊಂದು ಉತ್ತರವನ್ನು ಕೊಡಲೇಬೇಕಾಗುತ್ತದೆ.

ಅಸ್ಸಾದಿಯವರು 2025ರ ಜನವರಿ 4ರಂದು ಮೈಸೂರಿನಲ್ಲಿ ತೀರಿಕೊಂಡರು. ಪತ್ರಿಕೆಗಳಲ್ಲಿ ಬಂದ ಲೇಖನಗಳಿಂದಲೇ ನಾನು ಅವರನ್ನು ಅರಿತದ್ದು; ಅವರನ್ನು ಕಂಡವನಲ್ಲ.

ಕಳೆದ ದಸರೆಯ ರಜೆಯಲ್ಲಿ ನಾನೂ ಒಬ್ಬ ಗೆಳೆಯನೂ ಒಂದು ನೂರು ಪುಟದ ನೋಟುಪುಸ್ತಕವನ್ನು ಹಿಡಿದು ನಮ್ಮೂರಿನಲ್ಲಿ ಮನೆಮನೆಗೆ ಹೋದೆವು. ಹಂಚುಗಾಲುವೆಯ ನೀರು ಯಾರಾರ ಹೊಲಕ್ಕೆ ಮುಟ್ಟುವುದಿಲ್ಲವೆಂಬುದನ್ನು ಬರೆದುಕೊಳ್ಳುವುದು ನಮ್ಮ ಉದ್ದೇಶ. 1993ರ ಪಂಚಾಯತ್ ರಾಜ್ ಕಾನೂನಿನ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಬೇಕೆಂಬುದನ್ನು ಪರೀಕ್ಷೆಗಾಗಿ ಎಷ್ಟೋ ಸಲ ಬಾಯಿಪಾಠ ಮಾಡಿದ್ದೆವು. ಅಂಥ ಸಭೆಯಲ್ಲಿ ಒಮ್ಮೆಯೂ ಕೂತವರಲ್ಲ. ಒಬ್ಬ ಮುದುಕಿ, "ನೀ ಬರಕೊಂಡು ಹೋದ್ರ ನೀರು ಬರ್ತಾದೇನಪ್ಪಾ?" ಎಂದಳು. ಪುಸ್ತಕದಲ್ಲಿ ಇದಕ್ಕೆ ಉತ್ತರವಿಲ್ಲ. ಹೆಸರನ್ನಾದರೂ ಹೇಳು ಎಂದೆ. ಹೇಳಿದಳು, ಗಂಡನ ಹೆಸರನ್ನು ಮಾತ್ರ ಮೊಮ್ಮಗನ ಬಾಯಿಂದ ಹೇಳಿಸಿದಳು.

ಗ್ರಾಮಸಭೆಯಲ್ಲಿ ಪಟ್ಟಿಯನ್ನು ಓದಲು ಎದ್ದಾಗ ನನ್ನ ಕೈ ನಡುಗಿದ್ದು ಸುಳ್ಳಲ್ಲ. ಗದ್ದಲದ ನಡುವೆ ಓದಿ ಮುಗಿಸಿದೆ, ಒಂದು ಪ್ರತಿಯನ್ನು ಕೊಟ್ಟು ಸ್ವೀಕೃತಿಯನ್ನು ಪಡೆದುಕೊಂಡೆ. ನೀರಿನ ಮಾತು ಇನ್ನೂ ಮುಂದಿದೆ. ಅಂದು ರಾತ್ರಿ ತಂದೆಯವರು ನೋಟುಪುಸ್ತಕವನ್ನು ತರಿಸಿಕೊಂಡು, ಹೆಸರುಗಳನ್ನು ಒಂದೊಂದಾಗಿ ನನ್ನಿಂದ ಮತ್ತೆ ಓದಿಸಿ, ಕೊನೆಗೆ ಹೇಳಿದರು: "ಎಲ್ಲಾರದೂ ಬರದೀಯಪ್ಪ. ನಮ್ಮ ಹೊಲಾ ಬಿಟ್ಟೀದಿ."