ಧನಿ ಇಲ್ಲದವರು ಕಟ್ಟಿದ ಸಂಘ

ಸಂಘ ಎಂದರೆ ಏನೆಂದು ನಮಗೆಲ್ಲ ಗೊತ್ತುಂಟು. ನಮ್ಮ ಊರಲ್ಲಿ ಯುವಕ ಮಂಡಲ ಉಂಟು, ಮಹಿಳಾ ಮಂಡಲ ಉಂಟು, ಹಾಲಿನ ಸೊಸೈಟಿ ಉಂಟು. ಕಾರ್ಮಿಕ ಸಂಘ ಸ್ವಲ್ಪ ಬೇರೆ. ದುಡಿಯುವವರು ಸೇರಿ ತಮ್ಮ ಕೂಲಿಗಾಗಿ, ನ್ಯಾಯಕ್ಕಾಗಿ ಒಟ್ಟಿಗೆ ಕೇಳಲು ಮಾಡಿಕೊಳ್ಳುವ ಸಂಘ ಅದು. ಒಬ್ಬರೇ ಹೋಗಿ ಕೇಳಿದರೆ "ನಾಳೆಯಿಂದ ಬರುವುದು ಬೇಡ" ಎನ್ನುತ್ತಾರೆ. ಸಾವಿರ ಜನ ಹೋಗಿ ಕೇಳಿದರೆ ಹಾಗೆ ಹೇಳ್ಲಿಕ್ಕೆ ಆಗುವುದಿಲ್ಲ. ಈ ಸಂಚಿಕೆಯಲ್ಲಿ ಹೆಂಗಸರೇ ಕಟ್ಟಿದ ಒಂದು ಕಾರ್ಮಿಕ ಸಂಘದ ಚರಿತ್ರೆಯನ್ನು ತಿಳಿದುಕೊಳ್ಳೋಣ. ಅದರ ಹೆಸರು ಸೇವಾ. ಊರು ಗುಜರಾತಿನ ಅಹಮದಾಬಾದ್.

ಅಹಮದಾಬಾದಿನಲ್ಲಿ ಬಟ್ಟೆಯ ಗಿರಣಿಗಳು ತುಂಬಾ ಇದ್ದವು. 1918ರಲ್ಲಿ ಅಲ್ಲಿಯ ಗಿರಣಿ ಕೆಲಸಗಾರರು ನೂರಕ್ಕೆ 35ರಷ್ಟು ಹೆಚ್ಚು ಕೂಲಿ ಬೇಕೆಂದು ಮುಷ್ಕರ ಮಾಡಿದರು. ಗಾಂಧೀಜಿಯವರು ಅವರಿಗಾಗಿ ಉಪವಾಸ ಕುಳಿತರು. ಗಾಂಧೀಜಿಯ ಜೊತೆಗೆ ನಿಂತವರು ಅನಸೂಯಾ ಸಾರಾಭಾಯಿ. ಅವರ ಸ್ವಂತ ತಮ್ಮ ಅಂಬಾಲಾಲರೇ ಗಿರಣಿಯ ಧನಿ! ಅಕ್ಕ ಕೂಲಿಯವರ ಕಡೆ, ತಮ್ಮ ಧನಿಗಳ ಕಡೆ. ಆ ಮನೆಯಲ್ಲಿ ಊಟಕ್ಕೆ ಕುಳಿತಾಗ ಎಂತ ಮಾತಾಡುತ್ತಿದ್ದರೋ ಎಂದು ನಾನು ಯೋಚಿಸಿದ್ದೇನೆ. 1920ರಲ್ಲಿ ಗಿರಣಿ ಕಾರ್ಮಿಕರಿಗೆ ಮಜೂರ್ ಮಹಾಜನ್ ಎಂಬ ದೊಡ್ಡ ಸಂಘವಾಯಿತು.

ಆದರೆ ಗಿರಣಿಯ ಹೊರಗೆ ದುಡಿಯುವ ಹೆಂಗಸರನ್ನು ಯಾರೂ ಕಾರ್ಮಿಕರೆಂದು ಎಣಿಸುತ್ತಿರಲಿಲ್ಲ. ತಲೆಯ ಮೇಲೆ ಬಟ್ಟೆಯ ಹೊರೆ ಹೊರುವವರು, ಕೈಗಾಡಿ ಎಳೆಯುವವರು, ತರಕಾರಿ ಮಾರುವವರು, ಮನೆಯಲ್ಲಿ ಕುಳಿತು ಬೀಡಿ ಕಟ್ಟುವವರು ಹೀಗೆ ಎಷ್ಟೋ ಜನ ಇದ್ದರು. ಮಜೂರ್ ಮಹಾಜನದ ಮಹಿಳಾ ವಿಭಾಗದಲ್ಲಿ ಇಳಾ ಭಟ್ ಎಂಬ ವಕೀಲೆ ಇದ್ದರು. 1971ರಲ್ಲಿ ಹೊರೆ ಹೊರುವ ಹೆಂಗಸರು ತಮ್ಮ ಕಷ್ಟವನ್ನು ಅವರಿಗೆ ಹೇಳಿದರು. ಹೊರೆ ಎಷ್ಟೇ ಭಾರವಿರಲಿ, ಎಷ್ಟೇ ದೂರವಿರಲಿ, ಒಂದು ಸಲ ಹೊತ್ತರೆ ಇಷ್ಟು ಅಂತ ಒಂದೇ ಕೂಲಿ. ಎಷ್ಟು ಸಲ ಹೊತ್ತರು ಎಂಬುದಕ್ಕೆ ಬರೆದ ಲೆಕ್ಕವೂ ಇಲ್ಲ. ಇಳಾ ಭಟ್ ಇದನ್ನು ಪತ್ರಿಕೆಯಲ್ಲಿ ಬರೆದರು. ಬಟ್ಟೆ ವ್ಯಾಪಾರಿಗಳಿಗೆ ಸಿಟ್ಟು ಬಂತು. ನಾವು ಸರಿಯಾದ ಕೂಲಿಯನ್ನೇ ಕೊಡುತ್ತೇವೆ ಎಂದು ಅವರೂ ಪತ್ರಿಕೆಯಲ್ಲಿ ಬರೆದರು. ಈಗ ಕೇಳಿ, ನನಗೆ ಈ ಚರಿತ್ರೆಯಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಇದು. ವ್ಯಾಪಾರಿಗಳು ಹೇಳಿದ ಆ ಮಾತನ್ನೇ ಚೀಟಿಗಳಲ್ಲಿ ಅಚ್ಚು ಹಾಕಿಸಿ ಹೊರೆ ಹೊರುವ ಹೆಂಗಸರ ಕೈಗೆ ಕೊಟ್ಟರು! ಇನ್ನು ಕೂಲಿ ಕಡಿಮೆ ಕೊಟ್ಟರೆ ಚೀಟಿ ತೋರಿಸಿ, "ನೀವೇ ಬರೆದದ್ದಲ್ಲವಾ" ಅಂತ ಕೇಳಬಹುದಲ್ಲ.

ಆ ವರ್ಷ ಡಿಸೆಂಬರಿನಲ್ಲಿ ಹಳೇ ಬಟ್ಟೆ ಮಾರುವ ಸುಮಾರು ನೂರು ಹೆಂಗಸರು ಒಂದು ಪಾರ್ಕಿನಲ್ಲಿ ಸಭೆ ಸೇರಿದರು. ನಮಗೆ ನಮ್ಮದೇ ಸಂಘ ಬೇಕು ಎಂದು ಹೇಳಿದವರು ಇಳಾ ಭಟ್ ಅಲ್ಲ, ಆ ಗುಂಪಿನಲ್ಲಿದ್ದ ಒಬ್ಬ ಹೆಂಗಸು.

ಸಂಘವನ್ನು ನೋಂದಣಿ ಮಾಡಲು ಹೋದಾಗ ಸರ್ಕಾರದ ಕಾರ್ಮಿಕ ಇಲಾಖೆಯವರು ಆಗುವುದಿಲ್ಲ ಎಂದರು. ನಿಮಗೆ ಧನಿಯೇ ಇಲ್ಲ, ಮತ್ತೆ ಯಾರ ವಿರುದ್ಧ ಹೋರಾಡುತ್ತೀರಿ ಎಂಬುದು ಅವರ ಪ್ರಶ್ನೆ. ಸಂಘ ಎಂದರೆ ಧನಿಯ ವಿರುದ್ಧ ಹೋರಾಡಲಿಕ್ಕೆ ಮಾತ್ರವಲ್ಲ, ದುಡಿಯುವವರು ಒಂದಾಗಲಿಕ್ಕೆ ಎಂದು ಇವರು ವಾದಿಸಿದರು. ಕೊನೆಗೆ 1972ರ ಏಪ್ರಿಲ್‌ನಲ್ಲಿ ನೋಂದಣಿ ಆಯಿತು. ಸ್ವಂತ ದುಡಿಮೆಯ ಮಹಿಳೆಯರ ಸಂಘ ಎಂದು ಅದರ ಅರ್ಥ. ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಸೇರಿಸಿದರೆ ಸೇವಾ ಎಂದಾಗುತ್ತದೆ.

ಈಗ ನಮ್ಮ ಊರಿನ ವಿಷಯಕ್ಕೆ ಬರುತ್ತೇನೆ. "ನಿನ್ನ ಅಮ್ಮನಿಗೆ ಎಂತ ಕೆಲಸ?" ಅಂತ ಯಾರಾದರೂ ಕೇಳಿದರೆ ನಾವು "ಎಂತ ಇಲ್ಲ, ಮನೆಯಲ್ಲೇ ಇರುವುದು" ಎನ್ನುತ್ತೇವೆ. ನನ್ನ ಅಮ್ಮ ದಿನಕ್ಕೆ 700 ಬೀಡಿ ಕಟ್ಟುತ್ತಾರೆ. ರಾತ್ರಿ ಎಲೆ ನೆನೆಸಿಡಬೇಕು, ಬೆಳಿಗ್ಗೆ ಕತ್ತರಿಸಬೇಕು, ಅಡುಗೆ ಮುಗಿಸಿ ಮೊರ ಮಡಿಲಲ್ಲಿಟ್ಟು ಕುಳಿತರೆ ಕತ್ತಲಾಗುವವರೆಗೆ ಅದೇ. ಬ್ರಾಂಚಿಗೆ ಕೊಂಡುಹೋದರೆ ಇದು ಸರಿ ಇಲ್ಲ, ಅದು ಸರಿ ಇಲ್ಲ ಅಂತ ಒಂದಷ್ಟು ಬೀಡಿ ತೆಗೆದಿಡುತ್ತಾರೆ. ಅದಕ್ಕೆ ಹಣವೂ ಇಲ್ಲ, ಬೀಡಿಯೂ ವಾಪಸ್ ಇಲ್ಲ. ಕೊಟ್ಟ ಎಲೆ ಸಾಲದಿದ್ದರೆ ನಮ್ಮ ಹಣದಲ್ಲೇ ತರಬೇಕು. ಅಮ್ಮನ ಪುಸ್ತಕದಲ್ಲಿ ಬ್ರಾಂಚಿನವರು ಬರೆದದ್ದನ್ನು ಓದಲು ಅಮ್ಮನಿಗೆ ಬರುವುದಿಲ್ಲ. ಹಾಗಾಗಿ ನಾನು ಮನೆಯಲ್ಲಿ ಎಣಿಸಿ ಹಳೇ ನೋಟ್ಸಿನ ಹಿಂದೆ ಬರೆದಿಡುತ್ತೇನೆ. ಕಳೆದ ತಿಂಗಳು ಎರಡು ಲೆಕ್ಕಕ್ಕೂ 600 ಬೀಡಿಯ ವ್ಯತ್ಯಾಸ ಬಂತು. ಅಮ್ಮನಿಗೆ ತೋರಿಸಿದರೆ, "ಸುಮ್ಮನಿರು ಮಗಾ, ಕೇಳಿದರೆ ಬರುವ ವಾರ ಎಲೆ ಕೊಡ್ಲಿಕ್ಕಿಲ್ಲ" ಎಂದರು.

1966ರಲ್ಲೇ ಕೇಂದ್ರ ಸರ್ಕಾರ ಬೀಡಿ ಕಾರ್ಮಿಕರಿಗೆ ಒಂದು ಕಾಯ್ದೆ ಮಾಡಿತ್ತು. ಮನೆಯಲ್ಲಿ ಕುಳಿತು ಕಟ್ಟುವವರೂ ಕಾರ್ಮಿಕರೇ ಎಂದು ಅದರಲ್ಲಿ ಇತ್ತು. ಗುರುತಿನ ಚೀಟಿ ಇರುವ ಬೀಡಿ ಕಾರ್ಮಿಕರ ಮಕ್ಕಳಿಗೆ ಸರ್ಕಾರದ ವಿದ್ಯಾರ್ಥಿವೇತನವೂ ಉಂಟು.

ಪುನಃ ಅಹಮದಾಬಾದಿಗೆ ಹೋಗೋಣ. ಸೇವಾದ ಹೆಂಗಸರಿಗೆ ಬ್ಯಾಂಕಿನವರು ಸಾಲ ಕೊಡುತ್ತಿರಲಿಲ್ಲ, ಬಡ್ಡಿಯವರ ಹತ್ತಿರ ಹೋಗಬೇಕಿತ್ತು. ಆದುದರಿಂದ 4,000 ಹೆಂಗಸರು ತಲೆಗೆ 10 ರೂಪಾಯಿ ಹಾಕಿ 1974ರಲ್ಲಿ ತಮ್ಮದೇ ಬ್ಯಾಂಕ್ ಮಾಡಿದರು. ಸಹಿ ಹಾಕಲು ಬಾರದವರು ಬ್ಯಾಂಕ್ ಹೇಗೆ ನಡೆಸುತ್ತಾರೆ ಎಂದು ಅಧಿಕಾರಿಗಳು ಕೇಳಿದರಂತೆ. ಮುಖ್ಯವಾಗಿ ಸಹಿ ಹಾಕಬೇಕಾಗಿದ್ದ ಹೆಂಗಸರು ರಾತ್ರಿಯಿಡೀ ಕುಳಿತು ತಮ್ಮ ಹೆಸರು ಬರೆಯಲು ಕಲಿತರು! ನಮಗೆ ಒಂದು ಪದ್ಯ ಬಾಯಿಪಾಠ ಮಾಡಲು ಒಂದು ವಾರ ಬೇಕು. ಓದಲು ಬಾರದ ಸದಸ್ಯರ ಗುರುತಿಗೆ ಪಾಸ್‌ಬುಕ್ಕಿಗೆ ಫೋಟೋ ಅಂಟಿಸಿದರು.

ಕಷ್ಟವೂ ಬಂತು. 1981ರಲ್ಲಿ ಗುಜರಾತಿನಲ್ಲಿ ಮೀಸಲಾತಿಯ ಗಲಾಟೆಯಾದಾಗ ಸೇವಾ ದಲಿತರ ಪರವಾಗಿ ನಿಂತಿತು. ಮಜೂರ್ ಮಹಾಜನ್ ಇವರನ್ನು ಹೊರಗೆ ಹಾಕಿತು. ಆದರೂ ಸಂಘ ನಿಲ್ಲಲಿಲ್ಲ. ಮನೆಯಲ್ಲಿ ದುಡಿಯುವವರ ಹಕ್ಕಿಗಾಗಿ 1996ರಲ್ಲಿ ಜಿನೀವಾದಲ್ಲಿ ಅಂತರರಾಷ್ಟ್ರೀಯ ಒಪ್ಪಂದ ಆಯಿತು. ಅದಕ್ಕಾಗಿ ಓಡಾಡಿದವರಲ್ಲಿ ಸೇವಾದವರೂ ಇದ್ದರು. ಇಳಾ ಭಟ್ 2022ರಲ್ಲಿ ತೀರಿಕೊಂಡರು. ಇಂದು ಆ ಸಂಘದಲ್ಲಿ 20 ಲಕ್ಷಕ್ಕಿಂತ ಹೆಚ್ಚು ಹೆಂಗಸರಿದ್ದಾರೆ.

ನಮ್ಮ ಪಕ್ಕದ ಮನೆಯ ಅಕ್ಕನೂ ನಾನೂ ಸೇರಿ ಈವರೆಗೆ ಐದು ಮನೆಯ ಬೀಡಿ ಪುಸ್ತಕ ನೋಡಿದ್ದೇವೆ. ಯಾರ ಮನೆಯಲ್ಲಿ ಬೀಡಿ ಕಟ್ಟುತ್ತಾರೋ ಅವರು ಈ ವಾರ ದಿನವೂ ಎಣಿಸಿ ಒಂದು ಕಾಗದದಲ್ಲಿ ಬರೆದಿಡಿ. ಪುಸ್ತಕವನ್ನೂ ಕೇಳಿ ತನ್ನಿ. ಶನಿವಾರ ಶಾಲೆ ಬಿಟ್ಟ ಮೇಲೆ ಜಗಲಿಯಲ್ಲಿ ಕುಳಿತು ಎರಡನ್ನೂ ಹೋಲಿಸಿ ನೋಡೋಣ. ಕೂಡುವ ಲೆಕ್ಕ ಬಾರದವರಿಗೆ ನಾನು ಮಾಡಿಕೊಡುತ್ತೇನೆ.

— 7ನೇ ತರಗತಿಯ ವಿದ್ಯಾರ್ಥಿನಿ