ಮಾರಾಟಕ್ಕೆ ಬಂದ ಮಹಲು: ವಿಧಿ, ಹಕ್ಕು, ನಿಷೇಧ

ಉದ್ದೇಶ: ‘-ಬೇಕು’, ‘-ಬಹುದು’, ‘-ವಂತಿಲ್ಲ’ ಎಂಬ ಕ್ರಿಯಾರೂಪಗಳ ಅರ್ಥಭೇದವನ್ನು ವಿದ್ಯಾರ್ಥಿಗಳು ಗುರುತಿಸುವುದು.

ಪಠ್ಯಭಾಗ: ಜೀರ್ಣೋದ್ಧಾರಗೊಂಡು ಹೋಟೆಲುಗಳಾದ ಪುರಾತನ ಮಹಲುಗಳು ಇಟಲಿಯಲ್ಲಿ ಹಲವು. ಕೋಮೋ ಸರೋವರದ ದಡದಲ್ಲಿ 1568ರಲ್ಲಿ ಕಾರ್ಡಿನಲ್ ಒಬ್ಬರಿಗಾಗಿ ಕಟ್ಟಿದ ವಿಲ್ಲಾ ದೆಸ್ತೆ 1873ರಿಂದ ಹೋಟೆಲಾಗಿದೆ. ಪಾರಂಪರಿಕವೆಂದು ಘೋಷಿತವಾದ ಖಾಸಗಿ ಮಹಲು ಮಾರಾಟವಾದಾಗ, 2004ರ ಸಾಂಸ್ಕೃತಿಕ ಸಂಪತ್ತಿನ ಸಂಹಿತೆಯಂತೆ ಆ ವಿಷಯವನ್ನು ಸರ್ಕಾರಕ್ಕೆ ತಿಳಿಸಬೇಕು. ತಿಳಿಸಿದ 60 ದಿನಗಳೊಳಗೆ ಸರ್ಕಾರವೇ ಅದನ್ನು ಅದೇ ಬೆಲೆಗೆ ಕೊಳ್ಳಬಹುದು. ಆ ಅವಧಿಯಲ್ಲಿ ಮಾರಿದವರು ಕಟ್ಟಡವನ್ನು ಬಿಟ್ಟುಕೊಡುವಂತಿಲ್ಲ. ಕೊಂಡವರೂ ಅದನ್ನು ಕೆಡವುವಂತಿಲ್ಲ. ಅದರ ಐತಿಹಾಸಿಕ ಸ್ವರೂಪಕ್ಕೆ ಒಪ್ಪದ ಕೆಲಸಕ್ಕೆ ಬಳಸುವಂತಿಲ್ಲ. ಯಾವುದೇ ಕಾಮಗಾರಿಗೂ ಮುಂಚಿತವಾಗಿ ಅನುಮತಿ ಪಡೆಯಬೇಕು.

ಬೋಧನಾ ಸೂಚನೆ: ‘-ಬೇಕು’ ಕರ್ತವ್ಯವನ್ನೂ ‘-ಬಹುದು’ ಹಕ್ಕನ್ನೂ ‘-ವಂತಿಲ್ಲ’ ನಿಷೇಧವನ್ನೂ ಸೂಚಿಸುತ್ತವೆ. ಮೂರನ್ನೂ ಪಠ್ಯದಿಂದ ಹೆಕ್ಕಿ ಪಟ್ಟಿಮಾಡಿಸಬೇಕು. ‘ಕೆಡವುವಂತಿಲ್ಲ’ ಎಂಬುದು ‘ಕೆಡವಬಹುದು’ ಎಂದಾದರೆ ನಾಲ್ಕು ಶತಮಾನಗಳ ಮಹಲು ಉಳಿಯದು. ಕಾನೂನಿನ ಬಲವೆಲ್ಲ ಆ ಒಂದು ಪ್ರತ್ಯಯದಲ್ಲಿದೆ ಎಂಬುದನ್ನು ಮನಗಾಣಿಸಬೇಕು. ಹಣ ಕೊಟ್ಟವರಿಗೆ ಒಡೆತನ ಬರುತ್ತದೆ. ಕಾಪಾಡುವ ಹೊಣೆಯೂ ಅದರೊಡನೆ ಬರುತ್ತದೆ.

ಚಟುವಟಿಕೆ: ಊರಿನ ಹಳೆಯ ಕಟ್ಟಡವೊಂದನ್ನು ಆರಿಸಿಕೊಂಡು, ಅದರ ರಕ್ಷಣೆಗೆ ಈ ಮೂರು ರೂಪಗಳಲ್ಲಿ ಒಂದೊಂದು ನಿಯಮವನ್ನು ವಿದ್ಯಾರ್ಥಿಗಳು ಬರೆಯಲಿ.