ಹುಡುಕುಯಂತ್ರ ದಾರಿ ತೋರೀತು, ಹೊಲ ನೋಡದು



ಟೊಮೇಟೊ ಎಲೆ ಮುದುರಿದರೆ ಹಿಂದೆ ನಾವು ಪಕ್ಕದ ಹೊಲದ ಹಿರಿಯರನ್ನು ಕರೆದು ತೋರಿಸುತ್ತಿದ್ದೆವು. ಈಗ ಕೈ ಮೊದಲು ಮೊಬೈಲಿಗೆ ಹೋಗುತ್ತದೆ. ಇದು ತಪ್ಪಲ್ಲ. ಆದರೆ ಮೊದಲು ಕಂಡ ಉತ್ತರವನ್ನೇ ನಂಬಿ ಔಷಧಿ ಅಂಗಡಿಗೆ ನಡೆಯುವುದು ತಪ್ಪು.

ಈ ತಪ್ಪನ್ನು ನಾನೂ ಮಾಡಿದ್ದೇನೆ. ಒಂದು ಬೇಸಿಗೆಯಲ್ಲಿ ನನ್ನ ಅರ್ಧ ಎಕರೆ ಟೊಮೇಟೊ ಎಲೆ ಮುದುರಿತು. ‘ಎಲೆ ಮುದುರಿದರೆ ಯಾವ ಔಷಧಿ’ ಎಂದು ಹುಡುಕಿ, ಮೇಲುಗಡೆಯೇ ಕಂಡ ಬೂಜುನಾಶಕವನ್ನು ಎರಡು ಸಲ ಸಿಂಪಡಿಸಿದೆ. ಗಿಡ ಚೇತರಿಸಲಿಲ್ಲ. ಅದು ಬೂಜಿನ ರೋಗವಲ್ಲ, ಬಿಳಿ ನೊಣ ಹರಡುವ ನಂಜುರೋಗವಾಗಿತ್ತು. ಹಣವೂ ಹೋಯಿತು, ಬೆಳೆಯೂ ಹೋಯಿತು.

ಹುಡುಕುಯಂತ್ರ ಎಂದರೇನು?

ಪುಸ್ತಕದ ಕೊನೆಯಲ್ಲಿ ಯಾವ ಪದ ಯಾವ ಪುಟದಲ್ಲಿದೆ ಎಂದು ತೋರಿಸುವ ಪಟ್ಟಿ ಇರುತ್ತದಷ್ಟೆ. ಹುಡುಕುಯಂತ್ರವೂ ಅಂಥದೇ. ಅದು ಜಗತ್ತಿನ ಅಂತರಜಾಲದ ಪುಟಗಳನ್ನು ಮುಂಚೆಯೇ ಓದಿ ಪಟ್ಟಿ ಮಾಡಿಟ್ಟುಕೊಂಡಿರುತ್ತದೆ. ನೀವು ಕೊಟ್ಟ ಮಾತುಗಳಿಗೆ ಹೊಂದುವ ಪುಟಗಳನ್ನು ತನ್ನ ಲೆಕ್ಕದಂತೆ ಸಾಲಾಗಿ ಇಡುತ್ತದೆ. ನಿಮ್ಮ ಎಲೆಯನ್ನು ಅದು ಪರೀಕ್ಷಿಸಿಲ್ಲ. ‘ಪ್ರಾಯೋಜಿತ’ ಎಂದು ಬರೆದಿದ್ದರೆ ಅದು ಹಣ ಕೊಟ್ಟು ಹಾಕಿಸಿದ ಜಾಹೀರಾತು. ಈಚೆಗೆ ಯಂತ್ರವೇ ಹಲವು ಪುಟಗಳನ್ನು ಕಲೆಸಿ ಮೇಲೆ ಒಂದು ಉತ್ತರ ಬರೆದುಕೊಡುವುದೂ ಉಂಟು. ಅದರಲ್ಲಿಯೂ ತಪ್ಪು ಇರಬಹುದು.

ಮೊದಲು ಗಿಡವನ್ನು ನೋಡಿರಿ

‘ಎಲೆ ಮುದುರು’ ಎಂಬ ಒಂದು ಮಾತಿಗೆ ಹಲವು ಕಾರಣಗಳಿವೆ. ಹೊಸ ಎಲೆ ಸಣ್ಣದಾಗಿ, ಹಳದಿಯಾಗಿ, ಗಿಡ ಕುಳ್ಳಾದರೆ ನಂಜುರೋಗವೆಂದು ಶಂಕಿಸಬೇಕು. ಬಿಸಿಲಿಗೂ ನೀರಿನ ಕೊರತೆಗೂ ಮುದುರಿದ ಕೆಳಗಿನ ಎಲೆಗಳು ಸಾಮಾನ್ಯವಾಗಿ ಹಸಿರಾಗಿಯೇ ಇರುತ್ತವೆ. ಪಕ್ಕದ ಹೊಲದಲ್ಲಿ ಹೊಡೆದ 2,4-ಡಿ ಕಳೆನಾಶಕ ಗಾಳಿಗೆ ತೂರಿ ಬಂದರೂ ಎಲೆ ತಿರುಚಿಕೊಳ್ಳುತ್ತದೆ. ನಂಜು ಹತ್ತಿದ ಗಿಡವನ್ನು ಗುಣಪಡಿಸುವ ಔಷಧಿ ಇಲ್ಲ. ಅಂಥ ಗಿಡವನ್ನು ಕಿತ್ತು ನಾಶಮಾಡಬೇಕು. ಒಟ್ಟಲು ಹಾಕುವಾಗಲೇ ಸಸಿಗಳಿಗೆ ಸಣ್ಣ ಕಣ್ಣಿನ ನೈಲಾನ್ ಬಲೆ ಕಟ್ಟಬೇಕು. ಹೊಲದಲ್ಲಿ ಹಳದಿ ಅಂಟುಹಾಳೆ ನಿಲ್ಲಿಸಬೇಕು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ‘ಅರ್ಕಾ ರಕ್ಷಕ್’ ತಳಿ ಈ ನಂಜನ್ನು ತಡೆದುಕೊಳ್ಳುತ್ತದೆ.

ಪುಟ ಓದುವಾಗ ಕೇಳತಕ್ಕ ಪ್ರಶ್ನೆಗಳು

1. ಹೇಳಿದವರು ಯಾರು? ಔಷಧಿ ಮಾರುವವರೋ, ಸಂಶೋಧನೆ ಮಾಡಿದವರೋ? ವಿಳಾಸದ ಕೊನೆಯಲ್ಲಿ ‘ಜಿಓವಿ ಡಾಟ್ ಇನ್’ ಇದ್ದರೆ ಸರ್ಕಾರದ್ದು. ‘ಎಸಿ ಡಾಟ್ ಇನ್’ ಇದ್ದರೆ ವಿದ್ಯಾಸಂಸ್ಥೆಯದು.

2. ಯಾವಾಗ ಹೇಳಿದ್ದು? ಕಾಸರಗೋಡಿನ ಗೇರುತೋಟಗಳ ಸುತ್ತಲ ಜನರನ್ನು ನರಳಿಸಿದ ಎಂಡೋಸಲ್ಫಾನನ್ನು 2011ರಲ್ಲಿ ಸುಪ್ರೀಂ ಕೋರ್ಟು ನಿಷೇಧಿಸಿತು. ಅದಕ್ಕೂ ಹಿಂದಿನ ಪುಟಗಳಲ್ಲಿ ಅದು ಒಳ್ಳೆಯ ಔಷಧಿಯೆಂದೇ ಇದ್ದೀತು.

3. ಯಾವ ಸೀಮೆಗೆ ಹೇಳಿದ್ದು? ಗಡಿಯಾಚೆಯ ನಮಗೆ ಇದು ಮುಖ್ಯ. ಕನ್ನಡದಲ್ಲಿ ಹುಡುಕಿದರೆ ಹೆಚ್ಚಾಗಿ ಕರ್ನಾಟಕದ ಸಹಾಯಧನದ ಸಂಗತಿಯೇ ಬರುತ್ತದೆ. ಅಲ್ಲಿ ಪಹಣಿ ಕೇಳುತ್ತಾರೆ. ನಮ್ಮ ಕೈಯಲ್ಲಿರುವುದು ಪಟ್ಟಾ, ಚಿಟ್ಟಾ. ತಳಿ, ಬೇಸಾಯದ ಮಾತು ಆನೇಕಲ್ಲಿಗೂ ತಳಿಗೂ ಡೆಂಕಣಿಕೋಟೆಗೂ ಬಹುಮಟ್ಟಿಗೆ ಒಂದೇ. ಆದರೆ ಸಹಾಯಧನಕ್ಕೆ ತಮಿಳುನಾಡಿನ ಪುಟಗಳನ್ನೇ ನೋಡಬೇಕು. ಮನೆಯ ಮಕ್ಕಳು ಶಾಲೆಯಲ್ಲಿ ತಮಿಳು ಕಲಿತಿದ್ದರೆ ಅವರಿಂದ ತಮಿಳಿನಲ್ಲಿ ಹುಡುಕಿಸಿರಿ.

4. ಇನ್ನೊಬ್ಬರೂ ಇದನ್ನೇ ಹೇಳುತ್ತಾರೆಯೇ? ಒಂದಕ್ಕೊಂದು ಸಂಬಂಧವಿಲ್ಲದ ಎರಡು ಪುಟಗಳನ್ನಾದರೂ ಓದಿರಿ.

ಇಷ್ಟಾದ ಮೇಲೂ ಸಂಶಯ ಉಳಿದರೆ, ಮುದುರಿದ ಗಿಡವನ್ನೇ ಕಿತ್ತು ಚೀಲದಲ್ಲಿ ಕಟ್ಟಿಕೊಂಡು ಕೃಷ್ಣಗಿರಿ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರಕ್ಕೋ ಪೈಯೂರಿನ ಸಂಶೋಧನಾ ಕೇಂದ್ರಕ್ಕೋ ಒಯ್ಯಿರಿ. ಕಿಸಾನ್ ಕಾಲ್ ಸೆಂಟರಿನ 1800-180-1551ಕ್ಕೆ ಕರೆ ಮಾಡಲು ಖರ್ಚಿಲ್ಲ. ಹುಡುಕುವಾಗ ಕಂಡ ಬೇರೆ ಯಾವುದೋ ನಂಬರಿಗೆ ಕರೆ ಮಾಡಿ ಬ್ಯಾಂಕಿನ ವಿವರವನ್ನಾಗಲಿ ಓಟಿಪಿಯನ್ನಾಗಲಿ ಎಂದಿಗೂ ಹೇಳಬೇಡಿರಿ.

ಅಭ್ಯಾಸ

ನಿಮ್ಮ ಹೊಲದ ಒಂದು ರೋಗವನ್ನು ಆರಿಸಿಕೊಳ್ಳಿರಿ. ಬೆಳೆ, ಎಲೆಯ ಬಣ್ಣ, ಪೈರಿನ ವಯಸ್ಸು ಇಷ್ಟನ್ನೂ ಸೇರಿಸಿ ಹುಡುಕಿರಿ. ಬಂದ ಮೊದಲ ಐದು ಪುಟಗಳಿಗೆ ಮೇಲಿನ ಪ್ರಶ್ನೆಗಳನ್ನು ಹಾಕಿರಿ. ಎಷ್ಟು ಉಳಿಯುತ್ತವೆ ಎಂದು ಎಣಿಸಿರಿ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದರು ಹಿರಿಯರು. ಮೊಬೈಲಿನಲ್ಲಿ ಕಂಡದ್ದನ್ನು ಇನ್ನೂ ಹೆಚ್ಚಾಗಿ ಪ್ರಮಾಣಿಸಬೇಕು.